ಮೂವತ್ತು ಪುಟಗಳ ನ್ಯಾಯ

ನನ್ನ ಕನ್ನಡಕದ ಡಬ್ಬಿಯೊಳಗೆ ಕನ್ನಡಕದ ಜೊತೆಗೆ ಯಾವಾಗಲೂ ಬೆರಳುದ್ದದ ಒಂದು ಪೆನ್ಸಿಲ್ ತುಂಡು ಇರುತ್ತದೆ. ಒಂದು ಸವೆದರೆ ಇನ್ನೊಂದು ಬರುತ್ತದೆ, ಆ ಜಾಗ ಮಾತ್ರ ಖಾಲಿ ಬಿದ್ದದ್ದಿಲ್ಲ. ಅದರಿಂದ ನಾನು ಮಾಡುವ ಕೆಲಸ ಒಂದೇ, ಅದೂ ಕಳ್ಳಕೆಲಸ. ಗ್ರಂಥಾಲಯದಿಂದ ತಂದ ಪುಸ್ತಕವನ್ನು ಮರಳಿಸುವ ಮೊದಲು ಇಪ್ಪತ್ತೇಳನೇ ಪುಟದ ಅಂಕಿಯ ಕೆಳಗೆ ಒಂದು ಗುರುತು ಹಾಕುತ್ತೇನೆ. ಪೂರ್ತಿ ಓದಿದ್ದರೆ ಸಣ್ಣದೊಂದು ವೃತ್ತ, ಅದರ ನಡುವೆ ಚುಕ್ಕೆ. ಅರ್ಧಕ್ಕೆ ಬಿಟ್ಟಿದ್ದರೆ ಬರಿಯ ಅರ್ಧವೃತ್ತ. ಇದು ನಾನೊಬ್ಬಳೇ ಕಂಡುಹಿಡಿದ ವಿದ್ಯೆಯೇನಲ್ಲ. ನಮ್ಮ ಶಿರಸಿಯ ಗ್ರಂಥಾಲಯದ ಕಾದಂಬರಿಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಊರಿನ ಓದುವ ಹೆಂಗಸರೆಲ್ಲ ಅಲ್ಲಿ ತಂತಮ್ಮ ಗುರುತು ಬಿಟ್ಟು ಹೋಗಿದ್ದಾರೆ. ಒಬ್ಬರದು ಐವತ್ತೆರಡನೇ ಪುಟದ ನಾಲ್ಕು ಚುಕ್ಕೆ, ಒಬ್ಬರದು ಕೊನೆಯ ಪುಟದ ಮೊದಲ ಅಕ್ಷರಕ್ಕೊಂದು ಅಡಿಗೆರೆ. ಹೊಸ ರಟ್ಟು ಕಟ್ಟಿಸಿಕೊಂಡು ಎಲ್ಲ ಪುಸ್ತಕಗಳೂ ಒಂದೇ ಕಂದು ಬಣ್ಣಕ್ಕೆ ತಿರುಗಿದ ಮೇಲೆ, ಓದಿದ್ದನ್ನೇ ಮತ್ತೆ ಹೊತ್ತು ತರದಿರಲು ಬೇರೆ ಉಪಾಯ ಏನಿದೆ ಹೇಳಿ.

ನನ್ನ ಗುರುತು ಇಪ್ಪತ್ತೇಳನೇ ಪುಟದಲ್ಲೇ ಇರುವುದಕ್ಕೆ ಕಾರಣವಿದೆ. ನಾನು ಕನ್ನಡದ ಅಧ್ಯಾಪಕಿಯಾಗಿ ಮೊದಲು ಸೇರಿದ್ದು ಯಲ್ಲಾಪುರದ ಹೈಸ್ಕೂಲಿಗೆ. ಶನಿವಾರ ಶಿರಸಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ, ಮಂಚಿಕೇರಿಯ ತಿರುವುಗಳಲ್ಲಿ ಅಕ್ಷರ ಕುಣಿಯುವುದನ್ನು ಲೆಕ್ಕಕ್ಕೆ ಹಿಡಿದರೂ ಶಿರಸಿ ಕಾಣುವಾಗ ಇಪ್ಪತ್ತೇಳು, ಇಳಿಯುವಷ್ಟರಲ್ಲಿ ಮೂವತ್ತು ಪುಟ ಆಗುತ್ತಿತ್ತು. ಮುಂದೆ ಓದಬೇಕೋ ಬೇಡವೋ ಎಂಬುದು ಆ ಇಪ್ಪತ್ತೇಳರಲ್ಲೇ ಮನಸ್ಸಿಗೆ ಗೊತ್ತಾಗಿಬಿಡುತ್ತಿತ್ತು. ಇಳಿಯುವಾಗ ಪುಸ್ತಕ ಕೈಯಲ್ಲಿದ್ದರೆ ಅದು ಗೆದ್ದಿತು, ಚೀಲದ ತಳ ಸೇರಿದ್ದರೆ ಸೋತಿತು. ಹೀಗೆ ಬಸ್ಸಿನಲ್ಲಿ ಹುಟ್ಟಿದ ಮೂವತ್ತು ಪುಟಗಳ ನ್ಯಾಯ ಮೂವತ್ತು ವರ್ಷಗಳಲ್ಲಿ ಬಲಿತು ದೊಡ್ಡ ಕೋರ್ಟೇ ಆಯಿತು. ನ್ಯಾಯಾಧೀಶೆ ನಾನು, ವಕೀಲೆಯೂ ನಾನು. ಪ್ರತಿವಾದಿಯ ಕಡೆಯಿಂದ ವಾದಿಸುವವರು ಮಾತ್ರ ಯಾರೂ ಇರಲಿಲ್ಲ. ಮೊದಲ ಪುಟದಲ್ಲೇ ನಾಯಕಿಯ ಕಣ್ಣು ಕಮಲವಾದರೆ, ಐದನೆಯ ಪುಟದಲ್ಲಿ ಖಳನಾಯಕ ಗಹಗಹಿಸಿದರೆ, ನಾನು ಮುಲಾಜು ನೋಡಿದವಳಲ್ಲ. ಬದುಕು ಸಣ್ಣದು, ಒಳ್ಳೆಯ ಪುಸ್ತಕಗಳು ಬಹಳ, ಕೆಟ್ಟದ್ದಕ್ಕೆ ನಾವು ಯಾವ ಜನ್ಮದ ಋಣ ತೀರಿಸಬೇಕು ಎಂದು ತರಗತಿಯಲ್ಲೂ ಹೇಳುತ್ತಿದ್ದೆ, ಸಮಾರಂಭಗಳಲ್ಲೂ ಹೇಳುತ್ತಿದ್ದೆ. ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ.

ನನ್ನ ಈ ಗತ್ತನ್ನು ಇಳಿಸಿದವರು ನೀಲಮ್ಮ. ನಮ್ಮದೇ ಕೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಬನವಾಸಿ ಕಡೆಯ ಮನೆತನದ ಹೆಂಗಸು. ಐವತ್ತೆರಡನೇ ಪುಟದ ನಾಲ್ಕು ಚುಕ್ಕೆ ಅವರದೇ. ತಿಂಗಳಿಗೊಮ್ಮೆ ಅವರ ಜಗಲಿಯಲ್ಲಿ ನಾವು ಏಳೆಂಟು ಮಂದಿ ಓದಿದ್ದನ್ನು ಹಂಚಿಕೊಳ್ಳಲು ಸೇರುತ್ತೇವೆ. ಕಳೆದ ಸಲ ಅವರು ಗ್ರಂಥಾಲಯದ ಒಂದು ಕಾದಂಬರಿಯನ್ನು ಎದೆಗೆ ಅವಚಿಕೊಂಡು ಬಂದರು. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಅರ್ಧ ಮಂದಿ ನನ್ನ ಮೇಲೆ ಮುನಿಸಿಕೊಳ್ಳುತ್ತೀರಿ. ಮನೆಮನೆಯಲ್ಲೂ ಓದಿಸಿಕೊಂಡ, ಓದಿದವರನ್ನೆಲ್ಲ ಅಳಿಸಿದ ಪುಸ್ತಕ ಅದು. ನಾನು ರಟ್ಟು ತೆರೆಯುವ ಮೊದಲೇ ಅದರ ಜಾತಕ ಬರೆದು ಹೇಳಿದೆ. ಎಲ್ಲರೂ ನಕ್ಕರು. ನೀಲಮ್ಮ ನಗಲಿಲ್ಲ.

"ಓದದ ಬೈಯಾಕ ಹತ್ತೀರಲ್ಲ ಅಕ್ಕೋರ, ಇದು ಯಾವ ನ್ಯಾಯರಿ? ಸಾಲಿಯೊಳಗ ಹುಡುಗ್ರ ಉತ್ತರ ಪತ್ರಿಕಿ ಮೊದಲ್ನೇ ಪೇಜ್ ನೋಡಿ ನಪಾಸ್ ಮಾಡ್ತಿದ್ರೇನ್ರಿ?"

ಮೇಷ್ಟ್ರಮ್ಮನಿಗೆ ಇದಕ್ಕಿಂತ ಸರಿಯಾದ ಜಾಗದಲ್ಲಿ ಪೆಟ್ಟು ಕೊಡುವುದು ಸಾಧ್ಯವಿಲ್ಲ. ಎಷ್ಟೋ ದಡ್ಡ ಎನಿಸಿಕೊಂಡ ಹುಡುಗರು ಕೊನೆಯ ಪ್ರಶ್ನೆಗೆ, ಗಂಟೆ ಹೊಡೆಯುವ ಮುಂಚಿನ ಗಡಿಬಿಡಿಯಲ್ಲಿ ಒಂದು ನಿಜವಾದ ಸಾಲು ಬರೆದದ್ದನ್ನು ನಾನು ಕಂಡಿದ್ದೇನೆ. ಪುಸ್ತಕ ಇಸಿದುಕೊಂಡು ಬಂದೆ. ಮಧ್ಯಾಹ್ನ ಊಟ ಮಾಡಿ, ಈ ಸಲ ಕೊನೆಯವರೆಗೂ ಓದಿ ಆಮೇಲೆ ಸಾವಕಾಶವಾಗಿ ಬೈಯುವುದೆಂದು ನಿಶ್ಚಯಿಸಿ ಕುಳಿತೆ. ಕಮಲವೂ ಬಂತು, ಗಹಗಹವೂ ಬಂತು. ಹಾಳೆ ಮಗುಚುತ್ತ ಇಪ್ಪತ್ತೇಳನೇ ಪುಟಕ್ಕೆ ಬಂದೆ.

ಅಂಕಿಯ ಕೆಳಗೆ ಒಂದು ಸಣ್ಣ ವೃತ್ತವಿತ್ತು. ನಡುವೆ ಚುಕ್ಕೆ.

ವೃತ್ತ ನನ್ನದೇ. ಎಡಗಡೆಯಿಂದ ಶುರುವಾಗಿ, ಕೂಡುವಲ್ಲಿ ಗೆರೆ ತುಸು ಹೊರಗೆ ಚಾಚಿಕೊಳ್ಳುವ ನನ್ನ ಕೈಯನ್ನು ನಾನು ಗುರುತಿಸಲಾರೆನೇ? ಅಂದರೆ ಈ ಪುಸ್ತಕವನ್ನು ನಾನು ಓದಿದ್ದೇನೆ, ಮೊದಲಿಂದ ಕೊನೆಯವರೆಗೆ ಓದಿದ್ದೇನೆ. ಮತ್ತು ನನಗೆ ಒಂದು ಅಕ್ಷರವೂ ನೆನಪಿಲ್ಲ.

ನನಗೆ ಹೆದರಿಕೆಯಾಯಿತು. ನೀವು ಇದನ್ನು ಅತಿಯಾಯಿತು ಎನ್ನಬಹುದು, ಆದರೆ ನಮ್ಮ ಆಯಿಯ, ಎಂದರೆ ತಾಯಿಯ, ಕಥೆ ನಿಮಗೆ ಗೊತ್ತಿಲ್ಲ. ನನ್ನ ಜೊತೆಗೇ ಶಿರಸಿಯಲ್ಲಿದ್ದ ಆಯಿಗೆ ಕೊನೆಯ ಮೂರು ವರ್ಷ ಮರೆವಿನ ಕಾಯಿಲೆ ಇತ್ತು. ಮೊದಲು ಹೋದದ್ದು ಹೆಸರುಗಳು, ಆಮೇಲೆ ವಾರ ತಿಥಿಗಳು, ಕಡೆಗೆ ನಾವು. ಆಕೆ ತೀರಿಕೊಂಡು ಒಂಬತ್ತು ವರ್ಷವಾಯಿತು. ಈಚೆಗೆ ನನಗೂ ಮಾರ್ಕೆಟ್ಟಿನಲ್ಲಿ ಹಳೆಯ ವಿದ್ಯಾರ್ಥಿನಿ ನಮಸ್ಕರಿಸಿದರೆ ಹೆಸರು ಬಾಯಿಗೆ ಬರುವುದಿಲ್ಲ. ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಒಮ್ಮೆ ಕೋಣೆಗೆ ಏಕೆ ಬಂದೆನೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದೆ. ಅರವತ್ತು ದಾಟಿದವರಿಗೆಲ್ಲ ಇದು ಇದ್ದದ್ದೇ ಎಂದು ನಗುತ್ತ ಬಂದಿದ್ದೆ. ಸಿದ್ದಾಪುರದಲ್ಲಿರುವ ತಂಗಿ ಮಾತ್ರ ನಗುವುದನ್ನು ನಿಲ್ಲಿಸಿದ್ದಳು. ಫೋನು ಮಾಡಿದಾಗಲೆಲ್ಲ ಡಾಕ್ಟರಿಗೆ ತೋರಿಸುವ ಒಂದೇ ಮಾತು: "ಅಕ್ಕಾ, ಒಂದ್ಸಲ ಹುಬ್ಬಳ್ಳಿಗೆ ಹೋಗಿ ತೋರ್ಸಕಂಡು ಬಪ್ಪ. ಆನೂ ಬತ್ತೆ." ನಾನು ಎಂತಾದರೂ ನೆವ ಹೇಳಿ ಮುಂದೆ ಹಾಕುತ್ತಿದ್ದೆ. ಡಾಕ್ಟರು ಹೇಳದಿರುವವರೆಗೆ ಅದು ಬರಿಯ ಉಪ್ಪಿನ ಮಾತು.

ಇನ್ನು ಓದುವುದೊಂದೇ ದಾರಿ. ಮುಂದೆ ಓದುತ್ತಾ ಹೋದರೆ ಎಲ್ಲಾದರೂ ಒಂದು ಕಡೆ, ಒಂದು ಊರಿನ ಹೆಸರೋ ಒಂದು ಸಾವೋ ಥಟ್ಟನೆ ಹೊಳೆದೀತು, ಹೌದಲ್ಲ ಓದಿದ್ದೆ ಎಂದು ಮನಸ್ಸು ನಿರಾಳವಾದೀತು. ಆದರೆ ಇಂಥ ಪುಸ್ತಕಗಳ ಮಾಯೆ ನೋಡಿ. ನನಗೆ ಪ್ರತಿ ಪುಟವೂ ಹಿಂದೆ ಓದಿದಂತೆಯೇ ಇತ್ತು. ನಾಯಕಿಯ ತಂದೆಗೆ ಹೃದಯಾಘಾತವಾಗುವುದು ಮದುವೆಯ ಮುನ್ನಾದಿನವೇ ಎಂದು ನನಗೆ ಮೊದಲೇ ಗೊತ್ತಿತ್ತು, ಹಾಗೆಯೇ ಆಯಿತು. ಪ್ರೇಮಿಗಳು ಭೇಟಿಯಾದೊಡನೆ ಚಂದ್ರ ಬರುವುದೂ ಗೊತ್ತಿತ್ತು, ಅಮಾವಾಸ್ಯೆಯೆಂದು ಹಿಂದಿನ ಪುಟದಲ್ಲಿ ಬರೆದಿದ್ದರೂ ಪಾಪ ಬಂದ. ಇದು ನೆನಪೋ, ಇಂಥ ನೂರು ಕಥೆಗಳ ಪರಿಚಯವೋ? ಒಳ್ಳೆಯ ಪುಸ್ತಕವಾಗಿದ್ದರೆ ಓದಿದ್ದೆನೋ ಇಲ್ಲವೋ ಎಂದು ಒಂದು ವಾಕ್ಯವೇ ಹೇಳಿಬಿಡುತ್ತಿತ್ತು. ಕೆಟ್ಟ ಪುಸ್ತಕ ಸಾಕ್ಷಿಕಟ್ಟೆಯಲ್ಲಿ ನಿಂತು ಎಲ್ಲ ಪ್ರಶ್ನೆಗೂ ಹೌದು ಹೌದು ಎನ್ನುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಒಂದು ಕಾದಂಬರಿ ಇನ್ನೂ ಕೆಟ್ಟದ್ದಾಗಿರಲಿ, ಯಾರೂ ನೆನಪಿಡಲಾರದಷ್ಟು ಕೆಟ್ಟದ್ದಾಗಿರಲಿ ಎಂದು ಹಾರೈಸುತ್ತ ಓದಿದೆ. ತಪ್ಪು ಅದರದೇ ಆಗಿದ್ದರೆ ನನ್ನದಲ್ಲ.

ಎರಡನೆಯ ದಿನ ಅಂಚಿನ ಗೀಟುಗಳು ಕಣ್ಣಿಗೆ ಬಿದ್ದವು. ಎಂಟು ಹತ್ತು ಪುಟಕ್ಕೊಮ್ಮೆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಗೀಟು, ಅದೂ ನನ್ನದೇ. ಇಲ್ಲಿಗೆ ನಿಲ್ಲಿಸಿದೆ ಎಂದು ಹಾಕುವಂಥದ್ದು. ನಾನು ನನಗಾಗಿ ಓದುವಾಗ ಹಾಗೆ ಗೀಟು ಹಾಕುವವಳಲ್ಲ. ಮತ್ತೆ ಯಾರಿಗಾಗಿ ಓದಿದೆ ಎಂದು ಕೇಳಿಕೊಂಡದ್ದೇ ತಡ, ಉತ್ತರ ಸಿಕ್ಕಿತು.

ಆಯಿಗೆ ಓದಿ ಹೇಳುತ್ತಿದ್ದೆ. ಆಗ ನನಗೆ ಸಿದ್ದಾಪುರದ ಶಾಲೆ. ಸಂಜೆ ಬಸ್ಸಿಳಿದು ಬಂದು, ಚಹಾ ಕುಡಿದು, ಆಯಿಯ ಮಂಚದ ಪಕ್ಕ ಕುಳಿತು ಅರ್ಧ ಗಂಟೆ ಓದುವುದು ದಿನಚರಿ. ಆಕೆಗೆ ಇಂಥವೇ ಕಥೆಗಳು ಬೇಕಾಗಿದ್ದವು. ನಾನು ಮುಖ ಸಿಂಡರಿಸಿಕೊಂಡೇ ರಾಶಿ ರಾಶಿ ತಂದು ಓದಿದೆ. ಓದಿದ್ದು ನಾಲಗೆ ಮಾತ್ರ. ಮನಸ್ಸು ಅಂದು ತಿದ್ದಬೇಕಾದ ಪರೀಕ್ಷೆ ಪೇಪರುಗಳ ಕಟ್ಟಿನಲ್ಲಿರುತ್ತಿತ್ತು. ಹಾಗೆ ಓದುತ್ತಿದ್ದೆ ಎಂಬುದು ನೆನಪಿದೆ, ಏನು ಓದಿದೆ ಎಂಬುದು ಒಂದಿಷ್ಟೂ ಇಲ್ಲ. ಮೂವತ್ತು ಪುಟದ ಅವಕಾಶವನ್ನೂ ನಾನು ಆ ಪುಸ್ತಕಗಳಿಗೆ ಕೊಟ್ಟಿರಲಿಲ್ಲ, ಮುನ್ನೂರು ಪುಟವನ್ನೂ ಗಟ್ಟಿಯಾಗಿ ಓದಿಯೂ.

ಇದು ಹೊಳೆದಾಗ ಒಂದು ನಿಮಿಷ ಹಗುರವೆನಿಸಿತು. ಕಾಯಿಲೆಯಲ್ಲ, ಬರಿಯ ಅಲಕ್ಷ್ಯ. ಅಷ್ಟರಲ್ಲಿ ಒಂಬತ್ತನೆಯ ಅಧ್ಯಾಯ ಬಂತು.

ಅಲ್ಲಿ ಗೀಟು ಒಂದಲ್ಲ. ಅಧ್ಯಾಯ ಮುಗಿಯುವಲ್ಲಿ ಒಂದರ ಕೆಳಗೊಂದು ಹನ್ನೊಂದು ಗೀಟುಗಳು. ಹನ್ನೊಂದು ಸಂಜೆ ನಾವು ಅಲ್ಲಿಂದ ಮುಂದೆ ಹೋಗಿರಲಿಲ್ಲ. ಅದನ್ನೇ ಓದು ಎಂದು ಆಯಿ ಹಟ ಹಿಡಿದಿರಬೇಕು. ಇಡೀ ಪುಸ್ತಕದಲ್ಲಿ ಕಥೆಗೆ ಸಂಬಂಧವೇ ಇಲ್ಲದ ಅಧ್ಯಾಯ ಅದು, ಪುಟ ತುಂಬಿಸಲೆಂದೇ ಬರೆದದ್ದು. ಮದುವೆಗೆ ಬಂದ ನಾಯಕಿಯ ಅಜ್ಜಿ ಎಲೆ ಕೊಳ್ಳಲು ಪೇಟೆಗೆ ಹೋಗಿ ಮದುವೆಮನೆಯ ದಾರಿ ತಪ್ಪಿಸಿಕೊಳ್ಳುತ್ತಾಳೆ. ಹದಿನಾಲ್ಕು ಪುಟ ಬಾಗಿಲಿಂದ ಬಾಗಿಲಿಗೆ ಕೇಳುತ್ತ ಅಲೆಯುತ್ತಾಳೆ. ಒಬ್ಬರು ನೀರು ಕೊಡುತ್ತಾರೆ, ಒಬ್ಬರು ತಿರುವಿನವರೆಗೆ ಜೊತೆಗೆ ಬರುತ್ತಾರೆ. ಎಲ್ಲರ ಮುಖವೂ ಪ್ರಶಾಂತ, ಎಲ್ಲರ ದನಿಯೂ ಜೇನು. ಪ್ರತಿಯೊಂದು ನಾಮಪದಕ್ಕೂ ಎರಡೆರಡು ವಿಶೇಷಣ. ಕಡೆಗೆ ಅಜ್ಜಿಗೆ ಚಪ್ಪರ ಕಾಣುತ್ತದೆ. ಬಂದೆಯಾ, ಬಾ, ಎಂದು ಯಾರೋ ಒಳಗಿನಿಂದ ಕರೆಯುತ್ತಾರೆ. ಅಷ್ಟೇ.

ನಾನು ಪುಸ್ತಕ ಮುಚ್ಚಿ ಕುಳಿತುಬಿಟ್ಟೆ. ಆಯಿ ಅದೇ ವರ್ಷ ಒಂದು ಬೆಳಿಗ್ಗೆ ದೇವಸ್ಥಾನಕ್ಕೆಂದು ಹೋಗಿ, ನಲವತ್ತು ವರ್ಷ ನಡೆದ ದಾರಿಯಲ್ಲೇ ಮನೆ ಸಿಗದೆ ಅಲೆದಿದ್ದಳು, ಮಧ್ಯಾಹ್ನ ಆಟೋದವರೊಬ್ಬರು ಕರೆತಂದು ಬಿಟ್ಟಿದ್ದರು. ನಾವು ಬೈದೆವು, ಬಾಗಿಲಿಗೆ ಚಿಲಕ ಹಾಕಿಸಿದೆವು. ಹೆದರಿಕೆಯಾಯಿತಾ ಎಂದು ಒಬ್ಬರೂ ಕೇಳಲಿಲ್ಲ. ಅಂದಿನಿಂದ ಹೊತ್ತಲ್ಲದ ಹೊತ್ತಿನಲ್ಲಿ, ಉಣ್ಣುವಾಗ, ತಲೆ ಬಾಚುವಾಗ, ಆಯಿ ನನ್ನ ಕೈ ಹಿಡಿದು ಒಂದು ಪ್ರಶ್ನೆ ಕೇಳುತ್ತಿದ್ದಳು.

"ಮನೆ ಸಿಕ್ತಾ ಕೂಸೆ?"

ನಾನು ಅದನ್ನು ಕಾಯಿಲೆಯ ಬಡಬಡಿಕೆ ಎಂದುಕೊಂಡೆ. "ಇದೇ ಮನೆ ಆಯಿ, ಎಷ್ಟು ಸಲ ಹೇಳವು" ಎಂದು ಗದರಿದೆ. ಆಕೆ ಕೇಳುತ್ತಿದ್ದದ್ದು ಕಾದಂಬರಿಯ ಅಜ್ಜಿಗೆ ಮನೆ ಸಿಕ್ಕಿತೇ ಎಂದು. ನಿನ್ನೆ ಓದಿದ್ದು ಇಂದು ನಿಲ್ಲದ ತಲೆಯಲ್ಲಿ ಆ ಅಜ್ಜಿ ಮಾತ್ರ ನಿಂತಿದ್ದಳು, ಬಾಗಿಲಿಂದ ಬಾಗಿಲಿಗೆ ಹೋಗುತ್ತಲೇ ಇದ್ದಳು. ಸಿಕ್ಕಿತು, ಒಳಗಿನಿಂದ ಕರೆದರು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಧ್ಯಾಯ ನನ್ನ ಬಾಯಲ್ಲೇ ಹನ್ನೊಂದು ಸಲ ಬಂದಿತ್ತು, ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಅತ್ತೆ. ನೀಲಮ್ಮನವರು ಅತ್ತ ಜಾಗ ಇದಲ್ಲವೆಂದು ಆಮೇಲೆ ತಿಳಿಯಿತು. ಅವರು ಅತ್ತದ್ದು ಹೃದಯಾಘಾತಕ್ಕೆ.

ಹಾಗಾದರೆ ಕೆಟ್ಟ ಕಾದಂಬರಿಗೆ ನಾವು ನ್ಯಾಯವಾದ ಅವಕಾಶ ಕೊಡಲೇಬೇಕೇ? ನನಗೆ ಈಗಲೂ ಖಚಿತವಿಲ್ಲ. ಆ ಪುಸ್ತಕ ಕೆಟ್ಟದ್ದೇ, ಒಂಬತ್ತನೆಯ ಅಧ್ಯಾಯ ಎಲ್ಲಕ್ಕಿಂತ ಕೆಟ್ಟದ್ದು. ಆದರೆ ಹೆದರಿದವರು ವಿಶೇಷಣ ಎಣಿಸುವುದಿಲ್ಲ. ಒಳ್ಳೆಯ ಲೇಖಕನಾದವನು ಆ ಅಜ್ಜಿಯನ್ನು ದಾರಿಯಲ್ಲೇ ಬಿಡುತ್ತಿದ್ದ, ಬದುಕು ಹಾಗೆಯೇ ಎನ್ನುತ್ತಿದ್ದ, ನಾನು ಮೆಚ್ಚಿ ವೃತ್ತ ಹಾಕುತ್ತಿದ್ದೆ. ಈ ಕಾದಂಬರಿಕಾರ ಆಕೆಯನ್ನು ಮನೆ ಮುಟ್ಟಿಸಿದ. ಅದು ಸುಳ್ಳೆಂದು ನನಗೆ ಗೊತ್ತು. ನನ್ನ ಆಯಿಗೆ ಅದನ್ನು ಹನ್ನೊಂದು ಸಲ ಕೇಳಬೇಕಾಗಿತ್ತು.

ಮೊನ್ನೆ ನಾನೇ ತಂಗಿಗೆ ಫೋನು ಮಾಡಿ, ಸೋಮವಾರ ಹುಬ್ಬಳ್ಳಿಗೆ ಹೋಗುವ ಎಂದೆ. ಆಮೇಲೆ ಆ ಅಧ್ಯಾಯದ ಸಂಗತಿ ಹೇಳಿ, ಮುಂದೊಂದು ದಿನ ನಾನು ಮನೆ ಸಿಕ್ಕಿತಾ ಎಂದು ಕೇಳತೊಡಗಿದರೆ ಸಿಕ್ಕಿತು ಎಂದೇ ಹೇಳು, ಎಷ್ಟು ಸಲ ಕೇಳಿದರೂ, ಎಂದೆ.

"ಹೇಳ್ತೆ ಅಕ್ಕಾ," ಅಂದಳು. ಮತ್ತೆ, "ಯಂಗೂ ಹೆದ್ರಿಕೆ ಇದ್ದು," ಅಂದಳು. ನನಗಿದ್ದ ಹೆದರಿಕೆ ಅವಳಿಗೂ ಇತ್ತು, ಅವಳೂ ಆಯಿಯ ಮಗಳೇ.

ಇಂದು ಪುಸ್ತಕ ಮರಳಿಸಬೇಕು. ಡಬ್ಬಿಯಿಂದ ಪೆನ್ಸಿಲ್ ತೆಗೆದು ಇಪ್ಪತ್ತೇಳನೇ ಪುಟ ಬಿಡಿಸಿದೆ. ಹಳೆಯ ವೃತ್ತವಿದೆ, ಹೊಸದು ಬೇಕಿಲ್ಲ. ಆದರೂ ಅದರ ಪಕ್ಕದಲ್ಲಿ, ಗ್ರಂಥಾಲಯದ ಪುಸ್ತಕದಲ್ಲಿ ಅಕ್ಷರ ಬರೆಯಬಾರದೆಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ಕೈಯಿಂದಲೇ, ಸಣ್ಣದಾಗಿ ಬರೆದೆ: ಒಂಬತ್ತನೆಯ ಅಧ್ಯಾಯಕ್ಕೆ ಹೋಗು, ಮನೆ ಸಿಗುತ್ತದೆ. ಈ ಪುಟವನ್ನು ಇನ್ನೊಮ್ಮೆ ತೆರೆಯುವವಳು ನಾನೇ ಆಗಿರಬಹುದು, ಮತ್ತು ಅವಳಿಗೆ ಈ ಅಕ್ಷರ ಯಾರದೆಂದು ತಿಳಿಯದೆ ಇರಬಹುದು.