ಸೀಟಿನ ಮೂತಿ ಮತ್ತು ಅಪ್ಪನ ದಾರ

ನನ್ನ ಅಪ್ಪ ಮುರ್ಡೇಶ್ವರದ ದಂಡೆಯಲ್ಲಿ ಮರದ ದೋಣಿ ಕಟ್ಟುತ್ತಿದ್ದ. ಅವನು ಕಟ್ಟಿದ ದೋಣಿ ಒಂದು ಪಕ್ಕಕ್ಕೆ ವಾಲಿದ್ದನ್ನು ಯಾರೂ ಕಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದು ಅವನ ತಪ್ಪಿನ ಕಥೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹೊನ್ನಾವರದಲ್ಲಿ ಕಾಲೇಜು ಓದುತ್ತಿದ್ದ ನನಗೆ ಸೈಕಲ್ ಸ್ಪರ್ಧೆಯ ಹುಚ್ಚು. ಅಲ್ಲಿಂದ ಕುಮಟಾಕ್ಕೆ ನಿಮಿಷಕ್ಕೊಬ್ಬರಂತೆ ಬಿಡುತ್ತಿದ್ದರು. ಎದುರಾಳಿ ಗಡಿಯಾರ ಮಾತ್ರ. ಮೊದಲ ಮೂವರು ರಾಜ್ಯಮಟ್ಟಕ್ಕೆ. ನನಗೆ ಅದು ಬೇಕೇ ಬೇಕಿತ್ತು.

ನಾನು ಗಿಡ್ಡಿ. ಸೀಟು ಮುಂದಕ್ಕಿದ್ದರೆ ಮಾತ್ರ ನನ್ನ ಕಾಲಿಗೆ ಬಲ. ಆ ವರ್ಷ ನಮ್ಮಲ್ಲೂ ನಿಯಮ ಬಂತು: ಸೀಟಿನ ಮೂತಿ, ಪೆಡಲು ತಿರುಗುವ ಅಚ್ಚಿಗಿಂತ ಐದು ಸೆಂಟಿಮೀಟರ್ ಹಿಂದಿರಬೇಕು. ಬರೆದವರು ಎತ್ತರದವರಿರಬೇಕು.

"ಅದೆಂತ ದೊಡ್ಡ ವಿಷ್ಯ, ತಾ ಇಲ್ಲಿ" ಎಂದ ಅಪ್ಪ. ಅರ್ಧ ಕಟ್ಟಿದ ದೋಣಿಯ ಪಕ್ಕ ಸೈಕಲ್ ನಿಲ್ಲಿಸಿ, ಸೀಟಿನ ಮೂತಿಯಿಂದ ದಾರ ಇಳಿಬಿಟ್ಟ. ದಾರದ ತುದಿಗೆ ಬಲೆಯ ಸೀಸದ ಗುಂಡು. ಸೀಟು ಸರಿಸಿ, ಬಿಗಿದು, ಗುರುತಿಗೆ ಮೊಳೆಯಿಂದ ಗೀರು ಹಾಕಿದ.

"ಆತು. ಒಂದು ಕೂದಲು ಹೆಚ್ಚಿಲ್ಲ, ಕಮ್ಮಿ ಇಲ್ಲ."

ತಿಂಗಳಿಡೀ ಹಾಗೇ ಕೂತು ಅಭ್ಯಾಸ ಮಾಡಿದೆ. ಇಷ್ಟು ಸುಖದ ನಿಯಮಕ್ಕೆ ಜನ ಯಾಕೆ ಬೈಯುತ್ತಾರೋ ಅನ್ನಿಸಿತ್ತು.

ಸ್ಪರ್ಧೆಯ ಬೆಳಿಗ್ಗೆ ತಪಾಸಣೆಯವರು ಅಳೆದರು. ಎರಡೇ ಸೆಂಟಿಮೀಟರ್.

"ನಮ್ಮಪ್ಪ ಅಳ್ದದ್ದು ಸಾರ್" ಎಂದೆ.

"ನಿಮ್ಮಪ್ಪನ ಸ್ಪರ್ಧೆ ಬೇರೆ ಇರ್ಬೇಕು" ಎಂದು ಸೀಟನ್ನು ಹಿಂದಕ್ಕೆ ತಳ್ಳಿ ಬಿಗಿದರು.

ಕುಮಟಾದವರೆಗೆ ಬೇರೆಯವರ ಸೈಕಲ್ ಓಡಿಸಿದಂತಾಯಿತು. ಸೊಂಟ ಹಿಡಿಯಿತು, ಕಾಲು ಪೆಡಲನ್ನು ಹುಡುಕಿಕೊಂಡು ಹೋಗಬೇಕಿತ್ತು. ನಾಲ್ಕನೆಯವಳಾದೆ. ಬಸ್ಸಿನಲ್ಲಿ ನಾಚಿಕೆ ಬಿಟ್ಟು ಅತ್ತೆ. ಅಪ್ಪನ ಮೇಲೆ ಸಿಟ್ಟೂ ಬಂದಿತ್ತು.

ಕಾರಣ ಹೊಳೆದದ್ದು ದಂಡೆಗೆ ಬಂದ ಮೇಲೆ. ದೋಣಿ ಕಟ್ಟುವ ಜಾಗ ಕಡಲಿನ ಕಡೆಗೆ ಇಳಿಜಾರು. ದೋಣಿಗೆ ಅಡಿಯಲ್ಲಿ ಮರದ ತುಂಡು ಕೊಟ್ಟು ಸಮ ಮಾಡುತ್ತಾರೆ. ಸೈಕಲ್ಲಿಗೆ ಕೊಡಬೇಕೆಂದು ಅಪ್ಪನಿಗೆ ಹೊಳೆದಿರಲಿಲ್ಲ. ಅಳೆದ ದಿನ ಮುಂದಿನ ಚಕ್ರ ಏರಿನ ಕಡೆಗಿತ್ತು. ಹಿಂದಕ್ಕೆ ವಾಲಿದ ಸೈಕಲ್ಲಿನಲ್ಲಿ ದಾರ ಎರಡನ್ನು ಐದು ಎಂದು ತೋರಿಸಿತ್ತು.

"ಎಂತ ಆತು ಮಗಾ?"

"ಕಾಲು ಸೋತ್ವು."

"ಸೀಟು?"

"ಸರಿ ಇತ್ತು."

ಅವನು ಬಗ್ಗಿ ತನ್ನ ಗೀರು ನೋಡಿದ. ಸೀಟು ಅದರಿಂದ ಎರಡು ಬೆರಳು ಹಿಂದೆ ಹೋಗಿತ್ತು. ಉಳಿ ಹರಿತ ಮಾಡಲು ಕೂತ.

ಮರುವಾರ ಅಂಗಳದಲ್ಲಿ ಒಂದು ಸಿಮೆಂಟಿನ ಹಾಸು ಎದ್ದಿತು. ಮುರುಗಲ ಹಣ್ಣಿನ ಸಿಪ್ಪೆ ಒಣಗಿಸಲಿಕ್ಕೆ ಎಂದ. ಅದು ಮಟ್ಟಸವಾಗಿತ್ತು, ಸರಿಯಾಗಿ ಸೈಕಲ್ಲಿನಷ್ಟೇ ಉದ್ದವಿತ್ತು. ಒಂದು ಸಿಪ್ಪೆಯೂ ಅದರ ಮೇಲೆ ಒಣಗಲಿಲ್ಲ.

ಮುಂದಿನ ವರ್ಷ ತಪಾಸಣೆಯವರು ಎರಡೆರಡು ಸಲ ಅಳೆದು, ಸೀಟು ಮುಟ್ಟದೆ ಬಿಟ್ಟರು. ನಾನು ಮತ್ತೆ ನಾಲ್ಕನೆಯವಳು. ಮನೆಗೆ ಬಂದಾಗ ಅಪ್ಪ ಎಷ್ಟನೆಯವಳು ಎಂದು ಕೇಳಲಿಲ್ಲ.

"ಸೀಟು?" ಎಂದ.

"ಐದು" ಎಂದೆ.

ಅವತ್ತು ಅವನು ಎರಡು ಸಲ ಅನ್ನ ಹಾಕಿಸಿಕೊಂಡ.