ಮೌಸಿನ ಮೇಲಿನ ಪ್ಲಾಸ್ಟರ್

ಗಲ್ಫಿನಲ್ಲಿ, ಮಾಹೂಝಿನ ನಮ್ಮ ಫ್ಲ್ಯಾಟ್ ಖಾಲಿ ಮಾಡುವಾಗ ಬಿಸ್ಕೆಟ್ ಡಬ್ಬವೊಂದರಲ್ಲಿ, ಸತ್ತ ಚಾರ್ಜರುಗಳ ನಡುವೆ, ಆ ಮೌಸ್ ಸಿಕ್ಕಿತು. ತನ್ನ ವೈರನ್ನು ತಾನೇ ಸುತ್ತಿಕೊಂಡು ಮಲಗಿತ್ತು. ಎಡಗಡೆಯ ಬಟನ್ನಿನ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್. ಮೂಗಿಗೆ ಹಿಡಿದು ನೋಡಿದೆ. ಔಷಧದ ವಾಸನೆ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬರಲಿಲ್ಲ. ಬಂದದ್ದು ಧೂಳಿನ ವಾಸನೆ. ಆದರೂ ಹಿದ್ ಬಂದರಿನ ಬಳಿ ನಾನು ಕೆಲಸಕ್ಕಿದ್ದ ಆ ಆಫೀಸು, ಗೋಡೆಯ ಏಸಿಯ ಗೊರಗೊರ, ಬಾಗಿಲು ತೆರೆದಾಗಲೆಲ್ಲ ಒಳಗೆ ನುಗ್ಗುತ್ತಿದ್ದ ಡೀಸೆಲ್ ಮತ್ತು ಉಪ್ಪುಗಾಳಿ... ಎಲ್ಲ ಒಟ್ಟಿಗೆ ಬಂದವು. ಅವುಗಳ ಹಿಂದೆ ಟೀಚರ್.

ಅವರು ನನಗೆ ಶಾಲೆಯಲ್ಲಿ ಕಲಿಸಿದವರಲ್ಲ. ಬಂದರಿಗೆ ಬರುವ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುವ ಸಣ್ಣ ಕಂಪನಿಯಲ್ಲಿ ಅವರದೂ ನನ್ನದೂ ಒಂದೇ ಕೆಲಸ. ನಾನು ಹೊಸಬಳು, ಅವರು ಎಲ್ಲರಿಗಿಂತ ಹಳಬರು. ಗಲ್ಫಿಗೆ ಬರುವ ಮೊದಲು ಮಂಗಳೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರು, ಹಾಗಾಗಿ ಮ್ಯಾನೇಜರಿಂದ ಡ್ರೈವರ್‌ವರೆಗೆ ಎಲ್ಲರ ಬಾಯಲ್ಲೂ ಟೀಚರ್. ಕೀಬೋರ್ಡ್ ನೋಡಿಕೊಂಡು ಟೈಪ್ ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನ್ನ ಬೆರಳುಗಳ ಮೇಲೆ ಕರ್ಚೀಫ್ ಹಾಸಿ, "ಈಗ ಹೊಡಿ ನೋಡುವಾ. ಅನ್ನ ಬಾಯಿಗೆ ಇಡ್ಲಿಕ್ಕೆ ಕನ್ನಡಿ ಬೇಕಾ ನಿಂಗೆ?" ಎನ್ನುತ್ತಿದ್ದರು.

ಅವರ ಬಲಗೈ ನಡುಗಲು ಶುರುವಾದದ್ದು ಯಾವಾಗ? ನಾನು ಸೇರಿದಾಗಲೇ ಸ್ವಲ್ಪ ಇತ್ತೇನೋ. ಕೀಬೋರ್ಡಿನ ಮೇಲೆ ಬೆರಳುಗಳು ಹೇಗೋ ದಾರಿ ಹುಡುಕಿಕೊಳ್ಳುತ್ತಿದ್ದವು. ಮೌಸ್ ಮಾತ್ರ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಒತ್ತಿ ಇನ್ನೊಮ್ಮೆ ಒತ್ತುವುದರೊಳಗೆ ಪರದೆಯ ಬಾಣ ಎಲ್ಲೋ ಹೋಗಿರುತ್ತಿತ್ತು. ಬೆರಳು ಜಾರದಿರಲೆಂದು ಪ್ಲಾಸ್ಟರ್ ಅಂಟಿಸಿಕೊಂಡರು. ಅದೇ ಹೊತ್ತಿಗೆ ಕಂಟೇನರುಗಳ ಲೆಕ್ಕಕ್ಕೆ ಕಂಪನಿ ಹೊಸ ಪ್ರೋಗ್ರಾಂ ತಂದಿತು. ಅದರಲ್ಲಿ ಹೆಜ್ಜೆಹೆಜ್ಜೆಗೂ ಸಣ್ಣ ಚೌಕಗಳು, ಮೌಸಿನಿಂದ ಒತ್ತಿದರೆ ಮಾತ್ರ ತೆರೆಯುವಂಥವು.

ಮ್ಯಾನೇಜರ್ ಉಡುಪಿ ಕಡೆಯವರು, ಕೆಟ್ಟವರಲ್ಲ. ಒಂದು ದಿನ ಟೀಚರ ಮೇಜಿನ ಬಳಿ ನಿಂತು, "ನಿಮ್ಮದು ಆರಾಮ ಮಾಡುವ ವಯಸ್ಸು ಟೀಚರ್. ಈ ಸಲ ವೀಸಾ ರಿನ್ಯೂ ಮಾಡುವ ಮೊದಲು ಒಮ್ಮೆ ಕೂತು ಮಾತಾಡುವಾ," ಎಂದರು.

ಅವರು ಅತ್ತ ಹೋದ ಮೇಲೆ ಟೀಚರ್ ನನ್ನ ಕಡೆ ತಿರುಗಿದರು. "ಕೂತು ಮಾತಾಡುವಾ ಅಂದ್ರೆ ಎದ್ದು ಹೋಗು ಅಂತ. ಗೊತ್ತುಂಟಲ್ಲ?"

ಮೌಸಿನ ಕೆಲಸ ನಾನು ಮಾಡಿಕೊಡುತ್ತೇನೆ ಎಂದೆ.

"ಇವತ್ತು ಮಾಡ್ತಿ. ನಾಳೆ ಮದುವೆಯಾಗಿ ದುಬೈಗೆ ಹೋಗ್ತಿ. ನನ್ನ ಕೆಲಸ ನಾನೇ ಮಾಡ್ಬೇಕು. ಆಗದಿದ್ರೆ ಅವರು ಹೇಳೋದೇ ಸರಿ."

ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಪುಟ್ಟ ಸಾಧನದ ಬಗ್ಗೆ ನನಗೆ ಅಷ್ಟಿಷ್ಟು ಗೊತ್ತಿತ್ತು. ಇದನ್ನು ತೆರೆ, ಅಲ್ಲಿ ಒತ್ತು, ಇಲ್ಲಿ ಬರೆ ಎಂದು ಸಾಲುಸಾಲಾಗಿ ಬರೆದಿಟ್ಟರೆ ಕಂಪ್ಯೂಟರ್ ತಾನೇ ಎಲ್ಲವನ್ನೂ ಮಾಡುತ್ತದೆ. ಕೀಬೋರ್ಡಿನ ಒಂದು ಕೀ ಒತ್ತಿದರೆ ಸಾಕು. ಟೀಚರ್ ಅದರ ಪಾಠಗಳನ್ನು ಪ್ರಿಂಟ್ ತೆಗೆದು, ಊಟದ ಬಿಡುವುಗಳಲ್ಲಿ ಓದಿ, ಅಂಥ ಸಾಲುಗಳ ಸ್ಕ್ರಿಪ್ಟೊಂದನ್ನು ತಾವೇ ಬರೆದರು. ಮೊದಲ ಸಾಲು: ಕಂಟೇನರ್ ಪ್ರೋಗ್ರಾಂ ತೆರೆ.

ಪರೀಕ್ಷಿಸಲೆಂದು ಪ್ರೋಗ್ರಾಮನ್ನು ಮುಚ್ಚಿ ಕೀ ಒತ್ತಿದೆವು. ತೆರೆಯಲಿಲ್ಲ. ಬೇರೆ ಸಾಲುಗಳ ಮಾತು ಬಿಡಿ, ಮೊದಲನೆಯದೇ ಕದಲಲಿಲ್ಲ.

"ತಪ್ಪು ಅಂತಾದ್ರೂ ಹೇಳ್ಬಾರ್ದಾ ಮಾರಾಯ್ತಿ? ಮುನಿಸಿಕೊಂಡ ಗಂಡನ ಹಾಗೆ ಸುಮ್ಮನೆ ಕೂತಿದೆ!"

ಟೈಪಿಂಗ್ ಕ್ಲಾಸಿನ ಕ್ರಮದಂತೆ ನಾನು ಆ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದೆ. ಅವರು ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳು ಕುಟ್ಟುತ್ತ ಕೇಳಿದರು. ಒಂದು ಚುಕ್ಕಿಯೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಬಂದರಿನಿಂದ ನಮ್ಮ ಬ್ಯಾರಿ ಡ್ರೈವರ್ ಬಂದ. ಟೀಚರ್ ಇಲ್ಲದಾಗ ಅವರ ಕಂಪ್ಯೂಟರಿನಲ್ಲಿ ಕ್ರಿಕೆಟ್ ಸ್ಕೋರ್ ನೋಡುವ ಚಾಳಿ ಅವನಿಗೆ.

"ಇವನೇ! ಏನೋ ಒತ್ತಿ ಹಾಳು ಮಾಡಿದ್ದಾನೆ."

"ಅಲ್ಲಾನಾಣೆ ಇಲ್ಲ ಟೀಚರ್. ಸ್ಕೋರ್ ನೋಡಿದ್ದು ಹೌದು. ಇಂಡಿಯಾ ಸೋತದ್ದಕ್ಕೂ ನಾನೇ ಕಾರಣ ಅಂತೀರಾ?"

"ಅದೂ ನೀನೇ ಇರ್ಬೇಕು."

ಅವನು ಬಗ್ಗಿ ಪರದೆ ನೋಡಿದ. "ಅಲ್ಲ, ಆ ಕಂಟೇನರಿನ ಚಿತ್ರ ಎಲ್ಲಿ? ಮೊನ್ನೆ ಇಲ್ಲೇ ಇತ್ತಲ್ಲ?"

ಹೌದು, ಇರಲಿಲ್ಲ. ಸ್ಕ್ರಿಪ್ಟ್ ತೆರೆಯಬೇಕಾಗಿದ್ದದ್ದು ಆ ಐಕಾನನ್ನೇ. ಬೆಳಿಗ್ಗೆ ಒಮ್ಮೆ ತೆರೆದ ಪ್ರೋಗ್ರಾಮನ್ನು ನಾವು ಸಂಜೆವರೆಗೆ ಮುಚ್ಚುತ್ತಿರಲಿಲ್ಲ, ಹಾಗಾಗಿ ಐಕಾನ್ ಕಾಣೆಯಾದದ್ದು ಯಾರಿಗೂ ತಿಳಿದಿರಲಿಲ್ಲ. ಹುಡುಕಿದೆವು. ಟೀಚರ್ ತಮ್ಮ ಕ್ರಿಸ್‌ಮಸ್ ಫೋಟೊಗಳನ್ನು ಇಟ್ಟಿದ್ದ ಫೋಲ್ಡರಿನಲ್ಲಿ, ಕುಸ್ವಾರ್ ತಿಂಡಿಗಳ ತಟ್ಟೆಗಳ ನಡುವೆ ಅದು ಕೂತಿತ್ತು. ಬೆಳಿಗ್ಗೆ ಫೋಟೊ ನೋಡಲು ಹೋದ ಕೈ ನಡುಗಿ, ಐಕಾನನ್ನು ಹಿಡಿದೆಳೆದು, ಫೋಲ್ಡರಿನೊಳಗೆ ಬೀಳಿಸಿತ್ತು.

ಟೀಚರ್ ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ಆಮೇಲೆ, "ಅಂದ್ರೆ ಕಳ್ಳ ಮನೆಯೊಳಗೇ ಇದ್ದಾನೆ," ಎಂದು ನಕ್ಕು, ಇಡ್ಲಿಯಂಥ ಸನ್ನಣಗಳಿದ್ದ ಟಿಫಿನ್ ಡಬ್ಬವನ್ನು ಡ್ರೈವರ್ ಕಡೆ ತಳ್ಳಿದರು. "ತಗೋ, ಸನ್ನಣ ತಿನ್ನು. ನಿಂಗೆ ಸುಮ್ಮನೆ ಬೈದೆ."

"ಹಿಟ್ಟಿಗೆ ಶೇಂದಿ ಹಾಕಿದ್ದಾ ಟೀಚರ್?"

"ಇಲ್ಲಿ ನಂಗೆ ಶೇಂದಿ ಯಾರು ಇಳಿಸಿ ಕೊಡ್ತಾರೆ? ಈಸ್ಟ್ ಅದು. ತಿನ್ನು."

ಐಕಾನನ್ನು ಹೊರಗೆ ತಂದಿಟ್ಟರೆ ನಾಳೆ ಮತ್ತೆ ಎಲ್ಲಿಗೋ ಹೋಗುತ್ತದೆ. ಅದರ ಬದಲು ಪ್ರೋಗ್ರಾಂ ನಿಜವಾಗಿ ಇರುವ ಜಾಗವನ್ನೇ ಮೊದಲ ಸಾಲಿನಲ್ಲಿ ಬರೆದೆವು. ಒತ್ತಿದರೆ ಪರದೆಯ ಮೇಲೆ ಕಿಟಕಿಯೊಂದು ಮಿಂಚಿ ಮಾಯವಾಯಿತು.

"ಬಂತು! ಹೋಯ್ತು!" ಎಂದ ಡ್ರೈವರ್, ಬಾಯಿ ತುಂಬ ಸನ್ನಣ.

ಐಕಾನಿನ ವಿವರ ತೆರೆದು ನೋಡಿದಾಗ ಅಲ್ಲಿ ಎರಡು ವಿಳಾಸಗಳಿದ್ದವು. ಒಂದು ಪ್ರೋಗ್ರಾಂ ಎಲ್ಲಿದೆ ಎಂದು, ಇನ್ನೊಂದು ಅದು ಯಾವ ಫೋಲ್ಡರಿನಲ್ಲಿ ನಿಂತು ಕೆಲಸ ಶುರುಮಾಡಬೇಕು ಎಂದು. ನಾವು ಮೊದಲನೆಯದನ್ನಷ್ಟೇ ಬರೆದಿದ್ದೆವು. ಅಡುಗೆಯವರನ್ನು ಕರೆಸಿ ಅಪರಿಚಿತರ ಅಡುಗೆಮನೆಯಲ್ಲಿ ನಿಲ್ಲಿಸಿದ ಹಾಗೆ. ಉಪ್ಪಿನ ಡಬ್ಬ ಕಾಣದೆ ಪ್ರೋಗ್ರಾಂ ಹಿಂತಿರುಗುತ್ತಿತ್ತು. ಈ ಎರಡನೆಯ ವಿಳಾಸವನ್ನು ಮೊದಲು ಕಂಡವರು ಯಾರು? ನಾನೇ ಎನ್ನುತ್ತದೆ ನನ್ನ ನೆನಪು. ಅದಕ್ಕೇ ನಂಬಿಕೆ ಬರುವುದಿಲ್ಲ.

ಆ ಸಾಲನ್ನು ಟೀಚರೇ ಸೇರಿಸಿದರು.

"ಬಿಸ್ಮಿಲ್ಲಾ ಅಂತ ಹೇಳಿ ಒತ್ತಿ ಟೀಚರ್."

"ನಿಂದು ನೀನು ಹೇಳು. ನಂದು ನಾನು ಹೇಳ್ತೇನೆ." ನಡುಗುವ ಕೈಯಲ್ಲಿ ಶಿಲುಬೆಯ ಗುರುತು ಮಾಡಿ ಒತ್ತಿದರು.

ಪ್ರೋಗ್ರಾಂ ತೆರೆದುಕೊಂಡಿತು. ಬಾಣ ತಾನೇ ಎದ್ದು ಮೊದಲ ಚೌಕಕ್ಕೆ ಹೋಗಿ ಒತ್ತಿತು, ಎರಡನೆಯದಕ್ಕೆ ಹೋಯಿತು. ಟೀಚರ ಎರಡೂ ಕೈಗಳು ಮಡಿಲಲ್ಲಿದ್ದವು. "ನೋಡು," ಎಂದರು ತೀರ ಸಣ್ಣ ದನಿಯಲ್ಲಿ, "ಎಷ್ಟು ಸೀದಾ ಹೋಗ್ತಾ ಉಂಟು..."

ನನ್ನ ನೆನಪಿನಲ್ಲಿ ಮ್ಯಾನೇಜರ್ ಆ ಕ್ಷಣಕ್ಕೇ ನಮ್ಮ ಬೆನ್ನ ಹಿಂದೆ ನಿಂತಿದ್ದಾರೆ. ಇರಲಾರದು. ಊಟದ ಹೊತ್ತಿಗೆ ಅವರು ಮನೆಗೆ ಹೋಗುತ್ತಿದ್ದರು. ಮರುದಿನವೋ ಆ ವಾರದಲ್ಲೋ ನೋಡಿರಬೇಕು. ಆದರೆ ಅವರು ಆಡಿದ ಮಾತು ನಿಜ, ಏಕೆಂದರೆ ಟೀಚರ್ ಅದನ್ನು ತಿಂಗಳುಗಟ್ಟಲೆ ಅಣಕಿಸಿ ತೋರಿಸುತ್ತಿದ್ದರು: "ಇದನ್ನು ನನ್ನ ಕಂಪ್ಯೂಟರಿಗೂ ಹಾಕಿಕೊಡಿ ಟೀಚರ್." ಕೂತು ಮಾತಾಡುವ ಪ್ರಸಂಗ ಬರಲಿಲ್ಲ. ವೀಸಾ ರಿನ್ಯೂ ಆಯಿತು. ಅದರ ಮುಂದಿನ ಸಲವೂ ಆಯಿತು. ಕೊನೆಗೆ ಊರಿಗೆ ಹೊರಡುವ ದಿನವನ್ನು ಟೀಚರೇ ಗೊತ್ತುಮಾಡಿದರು. ಹೊರಡುವಾಗ ಮೌಸನ್ನು ನನ್ನ ಕೈಗಿಟ್ಟು, "ಇದು ನಂಗೆ ಬೇಡ, ನೀನಿಟ್ಟುಕೋ," ಎಂದರು.

ಅವರು ತೀರಿಕೊಂಡ ಸುದ್ದಿಯನ್ನು ವರ್ಷಗಳ ಮೇಲೆ ಆ ಡ್ರೈವರೇ ಫೋನ್ ಮಾಡಿ ತಿಳಿಸಿದ. ಆಮೇಲೆ ಅವನು, "ಆ ಸನ್ನಣ..." ಎಂದ.

ಇಷ್ಟು ದಿನ ಈ ಕಥೆಯನ್ನು ನಾನು ಹೇಳುತ್ತಿದ್ದದ್ದು ಹೀಗೆ: ಸ್ಕ್ರಿಪ್ಟ್ ನಡೆದ ದಿನದಿಂದ ಟೀಚರ್ ಮೌಸ್ ಮುಟ್ಟಲಿಲ್ಲ. ಕೇಳುವವರಿಗೂ ಅದು ಇಷ್ಟವಾಗುತ್ತಿತ್ತು. ಇವತ್ತು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಬೆಳಕಿಗೆ ಹಿಡಿದು ನೋಡಿದರೆ ಪ್ಲಾಸ್ಟರ್ ಒಂದಲ್ಲ, ಆ ದಿನ ಇದ್ದದ್ದು ಒಂದೇ. ಅಡಿಯಲ್ಲಿ ಸವೆದು ಕಪ್ಪಾದದ್ದು, ಅದರ ಮೇಲೆ ಇನ್ನೊಂದು, ಎಲ್ಲಕ್ಕಿಂತ ಮೇಲೆ ಅಷ್ಟಾಗಿ ಕಪ್ಪಾಗದ ಮತ್ತೊಂದು. ಅದೂ ನಡುವೆ ಸವೆದಿದೆ. ಕೆಲಸಕ್ಕೆ ಮೌಸ್ ಬೇಡವಾದ ಮೇಲೂ ಅವರು ಅದನ್ನು ಹಿಡಿಯುತ್ತಿದ್ದರು. ಎಲ್ಲರೂ ಹೊರಗೆ ಹೋದಾಗ, ಫೋಟೊಗಳನ್ನು ನೋಡಲಿಕ್ಕೋ ಏನೋ...

"ಅಮ್ಮಾ, ದಿಸ್ ಇಸ್ ಟ್ರ್ಯಾಶ್, ರೈಟ್?" ಪೆಟ್ಟಿಗೆ ತುಂಬುತ್ತಿದ್ದ ಮಗಳು ಕೇಳಿದಳು.

ಅಲ್ಲ ಎಂದೆ. ಸವೆದ ಜಾಗದ ಮೇಲೆ ಬೆರಳಿಟ್ಟೆ. ಜಾರಲಿಲ್ಲ.