ಡ್ರಾಯರಿನಲ್ಲಿ ಉಳಿದ ಅರ್ಜಿ

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ತೆರೆದ ವರ್ಷ. ನಾನು ಬಳ್ಳಾರಿಯಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಆಗ ನನ್ನ ಬಳಿ ಪಿಎಚ್.ಡಿ.ಗೆ ಬಂದವನು ಕುರುಗೋಡಿನ ವೀರೇಶ. ವಾರವೆಲ್ಲ ಒಬ್ಬ ದೊಡ್ಡ ಅಧಿಕಾರಿಯ ಆಪ್ತ ಸಹಾಯಕ, ಭಾನುವಾರ ಸಂಶೋಧಕ. ಅವನ ವಿಷಯ ಕೇಳಿ ಸ್ಟಾಫ್ ರೂಮಿನಲ್ಲಿ ನಗದವರಿಲ್ಲ: ಜಪಾನಿನ ಶೋಗನ್ ಸರ್ಕಾರದ ಹಿರಿಯ ಅಧಿಕಾರಿಯೊಬ್ಬನ ವೃತ್ತಿಜೀವನ.

ಶೋಗನ್ ಎಂದರೆ ಚಕ್ರವರ್ತಿಯ ಹೆಸರಿನಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿ. ಅವನಿಗೂ ಮಂತ್ರಿಗಳಿಗೂ ನಡುವೆ ‘ಸೋಬಯೋನಿನ್’ ಎಂಬ ಹುದ್ದೆ ಇತ್ತು. ಹೊರಗಿನ ಅಹವಾಲು ಒಳಗೆ, ಒಳಗಿನ ಅಪ್ಪಣೆ ಹೊರಗೆ, ಎರಡೂ ಈತನ ಮೂಲಕವೇ ಹೋಗಬೇಕು. ಕೆಟ್ಟ ಸುದ್ದಿಯನ್ನು ಒಡೆಯನ ಮನಸ್ಸು ತಿಳಿಯಾಗುವವರೆಗೆ ತಡೆದಿಟ್ಟುಕೊಳ್ಳುವುದೇ ಈತನ ಜಾಣತನ ಎಂದು ವೀರೇಶ ಮೂರನೆಯ ಅಧ್ಯಾಯದಲ್ಲಿ ಬರೆದಿದ್ದ. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಉತ್ತಮ’ ಎಂದು ಬರೆದೆ. ಆ ಒಂದು ಪದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಆ ಮಳೆಗಾಲದಲ್ಲಿ ಒಮ್ಮೆ ಅವನ ಕಚೇರಿಗೆ ಹೋಗಿದ್ದೆ. ಸಾಹೇಬರಿಗೆ ಹಿತವಾಗುವ ಕಾಗದಗಳು ಟ್ರೇಯಲ್ಲಿ, ರೇಗಿಸುವಂಥವು ಅವನ ಡ್ರಾಯರಿನಲ್ಲಿ. ಸಿರುಗುಪ್ಪ ಕಡೆಯ ಹಳ್ಳಿಯೊಂದರ ಮುಖ್ಯೋಪಾಧ್ಯಾಯಿನಿ ಶಾಂತಮ್ಮ ಅರ್ಜಿ ಏನಾಯಿತೆಂದು ಕೇಳಲು ಮೂರನೆಯ ಸಲ ಬಂದಿದ್ದರು. ಶಾಲೆಯ ಚಾವಣಿ ಬಿರುಕು ಬಿಟ್ಟಿದೆ, ಕಟ್ಟಡಕ್ಕೆ ಬೀಗ ಹಾಕಿಸಿ ಮಕ್ಕಳಿಗೆ ಬೇರೆ ಜಾಗ ಕೊಡಿ ಎಂದು ಬರೆದಿದ್ದರು.

“ದಿನಾ ಮ್ಯಾಲಿಂದ ಉದುರಾಕತ್ತೈತ್ರಿ. ಸಾಹೇಬ್ರಿಗೆ ಇವತ್ತ ತೋರಿಸ್ರಿ” ಎಂದರು.

“ಇವತ್ತ ಬ್ಯಾಡ್ರಿ ಮೇಡಂ, ಸಿಟ್ಟಿನ್ಯಾಗ ಅದಾರ. ಸೋಮವಾರ ಒಳಗ ಇಡ್ತೀನಿ” ಎಂದ ವೀರೇಶ.

ಅವರು ಹೋದ ಮೇಲೆ ‘ಮೂರನೇ ಅಧ್ಯಾಯ’ ಎಂದು ನಾನು ತಮಾಷೆ ಮಾಡಿದೆ. ಇಬ್ಬರೂ ನಕ್ಕೆವು. ಅವನು ಡ್ರಾಯರ್ ಮುಚ್ಚಿದ. ನಾನು ಕೊಡೆ ಎತ್ತಿಕೊಂಡು ಹೊರಟೆ.

ಆ ಸೋಮವಾರ ಬರುವ ಮೊದಲೇ, ಶನಿವಾರ ಬೆಳಿಗ್ಗೆ ಮಳೆ ಜೋರಾಯಿತು. ಶಾಂತಮ್ಮ ಹೆದರಿ ಮಕ್ಕಳನ್ನೆಲ್ಲ ಪಕ್ಕದ ಹನುಮಪ್ಪನ ಗುಡಿಗೆ ಸಾಗಿಸಿದರು. ಹಾಜರಿ ಪುಸ್ತಕ ತರಲು ಒಬ್ಬರೇ ಒಳಗೆ ಹೋದಾಗ ಚಾವಣಿ ಕುಸಿಯಿತು. ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆಯಬೇಕಾಯಿತು.

ಬಳ್ಳಾರಿಯ ಆಸ್ಪತ್ರೆಗೆ ಇಬ್ಬರೂ ಹೋದೆವು. ಅರ್ಜಿಯ ವಿಷಯ ಈಗಲೇ ಹೇಳಬೇಡ, ಅವರು ಸ್ವಲ್ಪ ಸುಧಾರಿಸಲಿ ಎಂದು ಬಾಗಿಲಲ್ಲೇ ವೀರೇಶನಿಗೆ ಹೇಳಿದೆ. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ.

“ಸಾಹೇಬ್ರು ನಮ್ಮ ಅರ್ಜಿ ಓದಿದ್ರೇನ್ರಿ?” ಶಾಂತಮ್ಮ ಕೇಳಿದ್ದು ಅದೊಂದೇ.

ವೀರೇಶ ನನ್ನ ಕಡೆ ನೋಡಲಿಲ್ಲ. “ಇಲ್ರಿ. ಇನ್ನೂ ನನ್ನ ಡ್ರಾಯರ್‌ನ್ಯಾಗ ಐತಿ.”

ಅವರು ಗೋಡೆ ಕಡೆ ಮುಖ ತಿರುಗಿಸಿಕೊಂಡರು.

ಅದನ್ನೇ ಅವನು ಮೇಲಧಿಕಾರಿಗೆ ಬರೆದುಕೊಟ್ಟು ಅಮಾನತಾದ. ಪ್ರಬಂಧ ಅರ್ಧಕ್ಕೇ ನಿಂತಿತು. ಆ ಪ್ರತಿ ನನ್ನ ಬಳಿಯೇ ಇದೆ. ಮೂವತ್ತು ವರ್ಷ ಇತಿಹಾಸ ಕಲಿಸಿದ ನಾನು ಬಾಗಿಲ ಒಳಗಿದ್ದವರನ್ನಷ್ಟೇ ಓದಿದ್ದೆ. ‘ಉತ್ತಮ’ವನ್ನು ಹೊಡೆದುಹಾಕಿ ಅದರ ಕೆಳಗೆ, ವೀರೇಶ ಬರೆಯದ, ನಾನು ಕೇಳದ ಪ್ರಶ್ನೆ ಬರೆದಿದ್ದೇನೆ: ಅಷ್ಟು ಹೊತ್ತು ಹೊರಗೆ ಕಾಯುತ್ತಿದ್ದವರು ಏನಾದರು?